ಒಂದು ಪಾಯಿಂಟ್ ಮೂರಕ್ಕೆ ಸಂತೋಷಪಡಬೇಡ

ಕೆಳಗಿಳಿದ ನೂರಾ ಹನ್ನೆರಡನೇ ವರ್ಷ, ಎರಡನೇ ಶ್ರಾವಣದ ನಲವತ್ತೊಂದನೇ ದಿನ
ಮೂರನೇ ಸುರಂಗ, ಕೆಳಪೇಟೆ, ಕೋಲಾರದ ಹಳೆಯ ಚಿನ್ನದ ಗಣಿಯ ಒಳಗಿನಿಂದ

ಬಂಗಾರಪೇಟೆಯ ಮುನಿರತ್ನಮ್ಮನವರಿಗೆ, ನಿಮ್ಮ ಮಗಳು ಹರಿಣಿಯ ಮೊಮ್ಮಗಳ ಮೊಮ್ಮಗಳಾದ ಅಲುವೇಲಮ್ಮ ಮಾಡುವ ನಮಸ್ಕಾರಗಳು.

ಮೊದಲು ತಾರೀಖಿನ ವಿಷಯಕ್ಕೆ ಕ್ಷಮೆ ಕೇಳಬೇಕು. ನಿಮ್ಮ ಕಾಲದ ಶ್ರಾವಣಕ್ಕೆ ಮೂವತ್ತು ದಿನ ಮಾತ್ರ ಇತ್ತು ಅಂತ ಬಲ್ಲೆ. ನಮ್ಮಲ್ಲಿ ಮಳೆ ಬೀಳುವವರೆಗೆ ತಿಂಗಳನ್ನು ಮುಗಿಸುವುದಿಲ್ಲ. ಮಳೆ ಬರಲಿಲ್ಲವೋ, ಶ್ರಾವಣವನ್ನು ಎಳೆಯುತ್ತೇವೆ. ಎಳೆದು ಎಳೆದು ಎಲ್ಲರಿಗೂ ಬೇಜಾರಾದರೆ ಎರಡನೇ ಶ್ರಾವಣ ಅಂತ ಹೊಸದಾಗಿ ಶುರು ಮಾಡುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣುತ್ತವೆ. ನಿಮ್ಮ ಬರಹದಲ್ಲಿ ಅರ್ಧದಷ್ಟು ನನಗೂ ಹಾಗೇ ಕಂಡಿದೆ. ಇಬ್ಬರೂ ಸ್ವಲ್ಪ ಸೈರಿಸಿಕೊಳ್ಳೋಣ.

ನಿಮ್ಮನ್ನು ಏನಂತ ಕರೆಯಬೇಕು ಅನ್ನುವುದೇ ಮೊದಲ ತಲೆನೋವು. ವಂಶದ ಪ್ರಕಾರ ನೀವು ನನ್ನ ಮುತ್ತಜ್ಜಿಗೂ ಅಜ್ಜಿ. ಆದರೆ ನಮ್ಮ ಮನೆಯಲ್ಲಿ ಉಳಿದುಬಂದ ನಿಮ್ಮ ಈ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ವಯಸ್ಸು ಮೂವತ್ತನಾಲ್ಕು ಅಂತಿದೆ. ನನಗೆ ಅರವತ್ತೊಂದು. ನನ್ನ ಮಗಳ ವಯಸ್ಸಿನವಳಿಗೆ ಅಜ್ಜಿ, ತಾವು, ದಯಮಾಡಿ ಅಂತೆಲ್ಲ ಬರೆಯುತ್ತ ಕೂತರೆ ಹೇಳಬೇಕಾದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಅಜ್ಜಿ ಅಂತಲೂ ಅನ್ನುತ್ತೇನೆ, ನೀನು ಅಂತಲೂ ಅನ್ನುತ್ತೇನೆ. ಬೈಯಬೇಕಾದ ಕಡೆ ಬೈಯುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಈಗ ವಿಷಯ. ನಿನ್ನ ಪುಸ್ತಕದ ಕೊನೆಯ ಬರಹ ಹೀಗಿದೆ: ಆಗಸ್ಟ್ ಹದಿನಾಲ್ಕು, ಐಎನ್‌ಆರ್ ಒಂದು ಪಾಯಿಂಟ್ ಮೂರು, ಇಳಿದಿದೆ, ಸದ್ಯ ದೇವರು ಕಣ್ಣು ಬಿಟ್ಟ, ಇನ್ನು ಸೆಪ್ಟೆಂಬರ್ ಹದಿನಾಲ್ಕಕ್ಕೆ ಹೋದರೆ ಸಾಕು. ಇಸವಿಯ ಕೊನೆಯ ಅಂಕಿಯನ್ನು ಹುಳ ತಿಂದಿದೆ. ಅದರ ಮುಂದಿನ ಹನ್ನೊಂದು ಹಾಳೆ ಖಾಲಿ. ಸೆಪ್ಟೆಂಬರ್ ಇಲ್ಲ, ಅಕ್ಟೋಬರ್ ಇಲ್ಲ, ಏನೂ ಇಲ್ಲ. ನಾನು ಈ ಕಾಗದ ಬರೆಯುತ್ತಿರುವುದು ಆ ಒಂದು ಪಾಯಿಂಟ್ ಮೂರರ ಸಲುವಾಗಿ. ಅದು ಸಂತೋಷಪಡುವ ಅಂಕಿ ಅಲ್ಲ, ಅಜ್ಜಿ. ನಿನ್ನ ಎದೆಯಲ್ಲಿ ಲೋಹದ ವಾಲ್ವ್ ಇರುವಾಗ ಅದು ಕೂತಲ್ಲಿಂದ ಎದ್ದು ಓಡಬೇಕಾದ ಅಂಕಿ. ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಅದೇ ತಪ್ಪು ಮಾಡಿ ನನ್ನ ತಂಗಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಬುದ್ಧಿವಂತೆ ಅಂತ ಹೇಳುತ್ತಿಲ್ಲ. ಕೆಟ್ಟ ಮೇಲೆ ಕಲಿತವಳು ಅಂತ ಹೇಳುತ್ತಿದ್ದೇನೆ.

ನಮ್ಮ ಊರಿನ ರೀತಿ ಗೊತ್ತಾಗದೆ ನನ್ನ ತಪ್ಪು ನಿನಗೆ ಅರ್ಥವಾಗುವುದಿಲ್ಲ. ಮೇಲೆ ಬಿಸಿಲು ತಡೆಯಲಾಗದೆ ನಮ್ಮ ಹಿರಿಯರು ಗಣಿಯ ಸುರಂಗಗಳಿಗೆ ಇಳಿದರು. ಅದೇ ಕೆಳಪೇಟೆ. ತೀರ ಆಳಕ್ಕೆ ಹೋದರೆ ಬಂಡೆಯೇ ಬಿಸಿ, ಮೇಲಕ್ಕೆ ಹೋದರೆ ಬಿಸಿಲು. ನಡುವೆ ನಾಲ್ಕು ಅಂತಸ್ತು ಮಾತ್ರ ಮನುಷ್ಯರು ಬಾಳುವ ಹಾಗಿದೆ, ಅಲ್ಲಿ ನಾವಿದ್ದೇವೆ. ಮಂಚ, ಮಡಕೆ, ಜಗಳ, ಮದುವೆ ಎಲ್ಲ ನಿಮ್ಮಲ್ಲಿದ್ದ ಹಾಗೇ. ಗೋಡೆಗಳಿಗೆ ವರ್ಷಕ್ಕೆರಡು ಸಲ ಸುಣ್ಣ ಹೊಡೆಯುತ್ತೇವೆ, ಇಲ್ಲದಿದ್ದರೆ ಮನಸ್ಸು ಮಂಕಾಗುತ್ತದೆ. ಪ್ರತಿ ಸುರಂಗದ ಬಾಯಲ್ಲಿ ಇಳಿಪಟ್ಟಿ ಅಂತ ಒಂದು ಕಪ್ಪು ಹಲಗೆ ಇರುತ್ತದೆ. ಅದರ ಮೇಲೆ ದಿನಾ ಬೆಳಿಗ್ಗೆ ಮೂರು ಅಂಕಿ ಬರೆಯುತ್ತಾರೆ: ಬಂಡೆಯ ಕಾವು, ಗಾಳಿಯ ಧೂಳು, ತಳಗುಂಡಿಯ ನೀರು. ಮೂರೂ ಇಳಿದರೆ ಒಳ್ಳೆಯದು, ಏರಿದರೆ ಕೇಡು. ಹುಟ್ಟಿದಾಗಿನಿಂದ ನಾವು ಕಲಿತ ಗಣಿತ ಅಂದರೆ ಇದೇ. ಮಾತು ಬಾರದ ಮಗುವಿಗೂ ಗೊತ್ತು, ಅಂಕಿ ಇಳಿದ ದಿನ ಅಮ್ಮ ನಗುತ್ತಾಳೆ. ಮೂರೂ ಒಟ್ಟಿಗೆ ಇಳಿದ ದಿನ ಕೆಲಸಕ್ಕೆ ಅರ್ಧ ರಜೆ, ಮನೆಮನೆಯಲ್ಲೂ ಪಾಯಸ.

ನನ್ನ ತಂಗಿ ಸಂಪಂಗಿ ತಟ್ಟುಗಾರ್ತಿ. ಕಬ್ಬಿಣದ ಸಲಾಕೆಯಿಂದ ಸುರಂಗದ ಮಾಳಿಗೆಯ ಬಂಡೆಯನ್ನು ತಟ್ಟಿ, ಅದರ ಸದ್ದು ಕೇಳಿ, ಇದು ಗಟ್ಟಿ, ಇದು ಸಡಿಲ, ಇದರ ಕೆಳಗೆ ಮಕ್ಕಳನ್ನು ಮಲಗಿಸಬೇಡಿ ಅಂತ ಹೇಳುವ ಕೆಲಸ. ಅವಳು ಸರಿ ಅಂದರೆ ನಾನೂರು ಜನ ನೆಮ್ಮದಿಯಾಗಿ ಮಲಗುತ್ತಾರೆ. ನಮ್ಮ ತಾಯಿ ಹೋದಾಗ ಅವಳಿಗೆ ಐದು ವರ್ಷ, ನನಗೆ ಹತ್ತೊಂಬತ್ತು. ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಬೈದದ್ದು ಎಲ್ಲಾ ನಾನೇ. ನನಗೆ ಅಡುಗೆಮನೆ ಬಿಟ್ಟರೆ ಬೇರೆ ವಿದ್ಯೆ ಬರುವುದಿಲ್ಲ. ಮೂರನೇ ಸುರಂಗದ ಪಂಕ್ತಿಮನೆಯಲ್ಲಿ ಮೂವತ್ತು ವರ್ಷದಿಂದ ಸೌಟು ಹಿಡಿದಿದ್ದೇನೆ. ಅವಳಿಗೆ ಚಿಕ್ಕಂದಿನಲ್ಲಿ ಕೀಲುಜ್ವರ ಬಂದಿತ್ತು. ಅದು ಕೀಲು ಬಿಟ್ಟು ಹೃದಯ ಹಿಡಿದಿದೆ ಅಂತ ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಎರಡು ವರ್ಷದ ಹಿಂದೆ ಮೇಲಿನ ಅಂತಸ್ತಿನ ಆಸ್ಪತ್ರೆಯಲ್ಲಿ ಎದೆ ತೆರೆದು, ಕೆಟ್ಟ ಕವಾಟ ತೆಗೆದು ಲೋಹದ್ದನ್ನು ಕೂರಿಸಿದರು. ನಿನಗೂ ಅದೇ ಜ್ವರ, ಅದೇ ಕವಾಟ ಅಂತ ಪುಸ್ತಕದಲ್ಲಿದೆ. ಪಕ್ಕದಲ್ಲಿ ಕೂತರೆ ಗಡಿಯಾರದಂತೆ ಟಿಕ್ ಟಿಕ್ ಕೇಳುತ್ತದೆ. ನಿನ್ನ ಮನೆಯವರಿಗೂ ಕೇಳುತ್ತಿತ್ತೇ?

ಗುಳಿಗೆಯೂ ಅದೇ. ನಡುವೆ ಎಷ್ಟೋ ಹೊಸ ಗುಳಿಗೆ ಬಂದವಂತೆ, ಹೋದವಂತೆ. ಲೋಹದ ಕವಾಟಕ್ಕೆ ಮಾತ್ರ ನಿನ್ನ ಕಾಲದ ಗುಳಿಗೆಯೇ ಗತಿ. ರಕ್ತ ತೆಳುವಾಗಿಸುವ ಗುಳಿಗೆ ಅಂತ ಎಲ್ಲರೂ ಅನ್ನುತ್ತಾರೆ. ನಾನೂ ಹಾಗೇ ತಿಳಿದು, ತಂಗಿಯ ರಕ್ತ ನೀರು ಮಜ್ಜಿಗೆ ಆಗಿಬಿಡುತ್ತದೇನೋ ಅಂತ ಹೆದರಿದ್ದೆ. ತೆಳುವೂ ಇಲ್ಲ, ಮಂದವೂ ಇಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡ ಮಾಡಿಸುತ್ತದೆ, ಅಷ್ಟೇ. ಎಷ್ಟು ತಡವಾಗುತ್ತಿದೆ ಅಂತ ನೋಡುವುದಕ್ಕೆ ಈ ಐಎನ್‌ಆರ್ ಪರೀಕ್ಷೆ. ನಿನ್ನ ಕಾಲದಲ್ಲಿ ಲ್ಯಾಬಿಗೆ ಹೋಗಿ ತೋಳಿನಿಂದ ರಕ್ತ ಕೊಟ್ಟು ಸಂಜೆ ಚೀಟಿ ತರುತ್ತಿದ್ದೆಯಂತೆ. ನಮಗೆ ಹನಿಪೆಟ್ಟಿಗೆ ಇದೆ. ಬೆರಳು ಚುಚ್ಚಿ ಒಂದು ಹನಿ ಇಟ್ಟರೆ ಅಂಕಿ ತೋರಿಸುತ್ತದೆ. ಅಂಕಿ ತೋರಿಸುವುದು ಪೆಟ್ಟಿಗೆ. ಅರ್ಥ ಹೇಳುವವರು ಡಾಕ್ಟರು. ಈ ವ್ಯತ್ಯಾಸ ನನ್ನ ತಲೆಗೆ ಹೋಗುವಷ್ಟರಲ್ಲಿ ಒಂದು ವರ್ಷವಾಯಿತು.

ನಮ್ಮ ಡಾಕ್ಟರಮ್ಮ ಜೈನಬ್ ಎರಡು ತಿಂಗಳಿಗೊಮ್ಮೆ ಹಗ್ಗದ ತೊಟ್ಟಿಲಲ್ಲಿ ಕೆಳಗಿಳಿದು ಬರುತ್ತಾರೆ. ಪೆಟ್ಟಿಗೆ ಕೊಟ್ಟ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ವಿವರಿಸಿದ್ದರು. ನಾನು ಒಲೆಯ ಮೇಲೆ ಮುದ್ದೆಗೆ ಎಸರು ಇಟ್ಟು ಬಂದಿದ್ದೆ. ಒಂದು ಕಿವಿ ಅಲ್ಲಿ, ಒಂದು ಕಿವಿ ಇಲ್ಲಿ. ಎರಡೂವರೆಯಿಂದ ಮೂರೂವರೆ ಒಳಗೆ ಇರಬೇಕು ಅಂದದ್ದು ಕೇಳಿಸಿತು. ಹೂಂ ಅಂದೆ. ಗುಳಿಗೆ ನುಂಗುವ ಹೊತ್ತು ಅಂತ ತಿಳಿದುಕೊಂಡೆ. ಅಂದಿನಿಂದ ಮಧ್ಯಾಹ್ನ ಎರಡೂವರೆ ಆದರೆ ಸಾಕು, ಸಂಪಂಗಿ ಯಾವ ಸುರಂಗದಲ್ಲಿದ್ದರೂ ಗುಳಿಗೆ, ನೀರು ಹಿಡಿದು ಅವಳ ಹಿಂದೆ ಓಡುತ್ತಿದ್ದೆ. ಮೂರೂವರೆ ದಾಟಿದರೆ ಏನೋ ಅನಾಹುತ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅದೊಂದು ಒಳ್ಳೆಯದೇ ಆಯಿತು ಅನ್ನು, ಒಂದು ದಿನವೂ ಗುಳಿಗೆ ತಪ್ಪಲಿಲ್ಲ. ಆದರೆ ಪೆಟ್ಟಿಗೆಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ನಮ್ಮ ಇನ್ನೊಂದು ಪದ್ಧತಿ ಹೇಳಬೇಕು, ಮೊದಲಕಂತೆ ಅಂತ. ಮಳೆ ಬಿದ್ದು ಎರಡು ವಾರಕ್ಕೆ ಮೇಲಿನ ಬಯಲಲ್ಲಿ ಸೊಪ್ಪು ಏಳುತ್ತದೆ. ಅಣ್ಣೆ, ಗೋಣಿ, ದಗ್ಗಲಿ, ಕಿರಕುಸಾಲೆ. ನೀನು ಕೋಲಾರದ ಕಡೆಯವಳು, ಬೆರಕೆ ಸೊಪ್ಪಿನ ರುಚಿ ನಿನಗೆ ನಾನು ಹೇಳಬೇಕಾಗಿಲ್ಲ. ನಮಗೆ ಅದು ವರ್ಷಕ್ಕೆ ಎಂಟು ವಾರ ಸಿಕ್ಕರೆ ಪುಣ್ಯ. ಉಳಿದ ಕಾಲವೆಲ್ಲ ರಾಗಿ, ಹುರುಳಿ, ಅಣಬೆ. ಬೆಳಗಿನ ಜಾವ ಬಟ್ಟೆ ಸುತ್ತಿಕೊಂಡು ಮೇಲೆ ಹೋದವರು ಸೊಪ್ಪು ಕಿತ್ತು ತಂದಾಗ, ಮನೆಗೆ ಒಯ್ಯುವ ಮುಂಚೆ ಪ್ರತಿಯೊಬ್ಬರೂ ಮೊದಲ ಕಂತೆಯನ್ನು ಸುರಂಗದ ರೋಗಿಗೆ ಕೊಡಬೇಕು. ಕೊಡದವರ ಮನೆಯ ಸಾರು ಯಾರೂ ಮುಟ್ಟುವುದಿಲ್ಲ. ಹೋದ ವರ್ಷ ನಮ್ಮ ಸುರಂಗದಲ್ಲಿ ರೋಗಿ ಅಂತ ಇದ್ದವಳು ಸಂಪಂಗಿ ಒಬ್ಬಳೇ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಂತೆ ನಮ್ಮ ಬಾಗಿಲಿಗೆ ಬಂತು. ನಾನೋ, ಕೇಳಬೇಕೇ. ಬೆಳಿಗ್ಗೆ ಸೊಪ್ಪಿನ ರೊಟ್ಟಿ, ಮಧ್ಯಾಹ್ನ ಮಸ್ಸೊಪ್ಪು, ಸಂಜೆ ಉಪ್ಸಾರು. ಸಾಕು ಅಕ್ಕಾ ಅಂದರೂ ಬಿಡಲಿಲ್ಲ. ತಟ್ಟೆ ತುಂಬ ಹಸಿರು ನೋಡಿ ನನಗೇ ಹೊಟ್ಟೆ ತುಂಬುತ್ತಿತ್ತು.

ಸೊಪ್ಪು ಬರುವ ಮುಂಚೆ ಪೆಟ್ಟಿಗೆಯ ಅಂಕಿ ಎರಡು ಪಾಯಿಂಟ್ ಒಂಬತ್ತು ಇತ್ತು. ಎರಡು ವಾರ ಬಿಟ್ಟು ನೋಡಿದರೆ ಎರಡು ಪಾಯಿಂಟ್ ಎರಡು. ಸಂಪಂಗಿ ಬೆರಳು ಚೀಪಿಕೊಳ್ಳುತ್ತ, ಅಕ್ಕಾ ಇಳಿದೈತೆ ಕಣಕ್ಕಾ ಅಂದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮತ್ತೆ ಎರಡು ವಾರಕ್ಕೆ ಒಂದು ಪಾಯಿಂಟ್ ಏಳು. ನಾನು ಅದನ್ನು ಪಂಕ್ತಿಮನೆಯಲ್ಲಿ ಹೇಳಿದೆ, ಪಂಕ್ತಿಮನೆಯವರು ಸುರಂಗಕ್ಕೆಲ್ಲ ಹೇಳಿದರು. ಮಾರನೇ ದಿನ ಯಾರೋ ಪುಣ್ಯಾತ್ಮರು ಇಳಿಪಟ್ಟಿಯಲ್ಲಿ ಕಾವು, ಧೂಳು, ನೀರಿನ ಕೆಳಗೆ ನಾಲ್ಕನೇ ಸಾಲಾಗಿ ಸಂಪಂಗಿ ಅಂತ ಬರೆದು ಒಂದು ಪಾಯಿಂಟ್ ಏಳು ಹಾಕಿದ್ದರು. ಜನ ನಿಂತು ನೋಡಿ ಹೋದರು. ನಮ್ಮ ಸೊಪ್ಪು ಕೆಲಸ ಮಾಡ್ತಾ ಐತೆ, ಇನ್ನೂ ಕೊಡಾಣ ಅಂತ ಕಂತೆಯ ಗಾತ್ರ ಹೆಚ್ಚಿಸಿದರು. ಒಂದು ಪಾಯಿಂಟ್ ನಾಲ್ಕು ಬಂದ ದಿನ ಪಾಯಸವೇ ಆಯಿತು. ಅವತ್ತು ನಾನು ಕುಣಿಯುವುದೊಂದು ಬಾಕಿ. ಈಗ ಅದನ್ನು ನೆನೆದರೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ಅದಾದ ಆರನೇ ದಿನ, ಬೆಳಿಗ್ಗೆ ಹತ್ತರ ಹೊತ್ತು. ಸಂಪಂಗಿ ಪಂಕ್ತಿಮನೆಯ ಪಕ್ಕದ ತಿರುವಿನಲ್ಲೇ ಬಂಡೆ ತಟ್ಟುತ್ತಿದ್ದಳು. ಆ ಸದ್ದು ನನಗೆ ಉಸಿರಿನಷ್ಟು ರೂಢಿ, ನಿಂತಾಗಲೇ ಗೊತ್ತಾಗಿದ್ದು. ಸಲಾಕೆ ನೆಲಕ್ಕೆ ಬಿದ್ದ ಸದ್ದು ಬಂತು. ಹೋಗಿ ನೋಡಿದರೆ ಬಲಗೈ ಜೋತು ಬಿದ್ದಿದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ. ಏನಾಯಿತೇ ಅಂದೆ. ನನ್ನ ಮುಖ ನೋಡುತ್ತಾಳೆ, ತುಟಿ ಆಡುತ್ತದೆ, ಮಾತಿಲ್ಲ. ಐದು ವರ್ಷದ ಮಗುವಾಗಿ ನಮ್ಮಮ್ಮನ ಹೆಣದ ಮುಂದೆ ನಿಂತಾಗ ಹೇಗೆ ನೋಡಿದ್ದಳೋ ಹಾಗೇ ನೋಡಿದಳು. ಅರ್ಧ ಗಂಟೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಯಾವ ದೇವರನ್ನು ಕರೆದೆ, ಯಾವುದನ್ನು ಬಿಟ್ಟೆ ನೆನಪಿಲ್ಲ. ಆಮೇಲೆ ಅವಳ ಬೆರಳು ಆಡಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ಅಕ್ಕ ಅಂದಳು.

ತಂತಿಯಲ್ಲಿ ಹೇಳಿಕಳಿಸಿದ್ದಕ್ಕೆ ಡಾಕ್ಟರಮ್ಮ ಮಧ್ಯಾಹ್ನಕ್ಕೇ ಇಳಿದು ಬಂದರು. ಬರುವ ದಾರಿಯಲ್ಲಿ ಇಳಿಪಟ್ಟಿ ಓದಿಕೊಂಡೇ ಬಂದಿದ್ದರು. ಒಳಗೆ ಬಂದವರೇ, ಈ ನಂಬರನ್ನು ಹಲಗೆ ಮೇಲೆ ಬರೆದು ಹಬ್ಬ ಮಾಡಿದ್ದು ಯಾರು ಅಂತ ಕೇಳಿದರು. ಸಿಟ್ಟು ಬಂದರೆ ಅವರ ದನಿ ಮೆತ್ತಗಾಗುತ್ತದೆ. ನಾನೇ ಅಂದೆ. ಅವರು ಸಂಪಂಗಿಯ ಹೊಟ್ಟೆಗೆ ಸೂಜಿ ಚುಚ್ಚಿದರು. ಅಂಕಿ ಮೇಲೆ ಬರುವವರೆಗೆ ದಿನಾ ಆ ಸೂಜಿ ಬೇಕು ಅಂದರು. ಗುಳಿಗೆ ಹೆಚ್ಚು ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ಅಲುವೇಲಮ್ಮಾ, ಇಳಿದರೆ ಒಳ್ಳೇದು ಅಂತ ನಿಮಗೆ ಹೇಳಿದ್ದು ಯಾರು ಅಂದರು. ಯಾರು ಹೇಳಿದರು ಅಂತ ಹೇಳಲಿ? ಹಲಗೆ ಹೇಳಿತು, ಊರು ಹೇಳಿತು, ನಮ್ಮಮ್ಮ ಹೇಳಿದಳು. ಅಂಕಿ ಇಳಿಯುವುದೇ ಕೇಡು ಅಂತ ಯಾರಾದರೂ ಅಂದರೆ ನಂಬುವ ಹಾಗೆ ನಾನು ಬೆಳೆದೇ ಇರಲಿಲ್ಲ.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಗುಳಿಗೆ ನುಂಗದ ಆರೋಗ್ಯವಂತರ ಅಂಕಿ ಸರಿಸುಮಾರು ಒಂದು. ಎರಡು ಅಂದರೆ ಹೆಪ್ಪುಗಟ್ಟುವುದಕ್ಕೆ ಹತ್ತಿರ ಹತ್ತಿರ ಎರಡರಷ್ಟು ಹೊತ್ತು ಹಿಡಿಯುತ್ತದೆ, ಮೂರು ಅಂದರೆ ಮೂರರಷ್ಟು. ಸಂಪಂಗಿಗಿರುವಂಥ ಲೋಹದ ಕವಾಟಕ್ಕೆ ಎರಡೂವರೆಯಿಂದ ಮೂರೂವರೆ ಇರಬೇಕು. ಬೇರೆ ಕಾಯಿಲೆಯವರಿಗೆ ಬೇರೆ ಗೆರೆ, ಅದನ್ನು ಅವರವರ ಡಾಕ್ಟರೇ ಹೇಳಬೇಕು. ಕೆಳಗಿಳಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಆ ಚೂರು ತಲೆಗೆ ಹೋದರೆ ಕೈ ಬೀಳುತ್ತದೆ, ಮಾತು ಬೀಳುತ್ತದೆ, ಆಯಸ್ಸೂ ಬೀಳುತ್ತದೆ. ಮೇಲೇರಿದರೆ ರಕ್ತ ನಿಲ್ಲುವುದಿಲ್ಲ. ಅಂದರೆ ಇಳಿದರೂ ಕೇಡು, ಏರಿದರೂ ಕೇಡು. ಹಾಗಾದರೆ ನಾವು ಯಾವುದಕ್ಕೆ ಸಂತೋಷಪಡಬೇಕು ಅಂತ ಕೇಳಿದೆ. ಅಲುಗಾಡದೆ ನಡುವೆ ಇದ್ದರೆ ಸಂತೋಷಪಡಿ ಅಂದರು. ಎಂಥ ವಿಚಿತ್ರ ಅಂಕಿ ಇದು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಸೊಪ್ಪಿನ ವಿಷಯ ಕೇಳಿ ಅವರು ಹಣೆ ಹಿಡಿದುಕೊಂಡರು. ರಕ್ತ ಹೆಪ್ಪುಗಟ್ಟಲು ಬೇಕಾದ ಸತ್ವವೊಂದು ಸೊಪ್ಪಿನಲ್ಲಿದೆಯಂತೆ. ಗುಳಿಗೆ ಒಂದು ಕಡೆಗೆ ಎಳೆದರೆ ಸೊಪ್ಪು ಇನ್ನೊಂದು ಕಡೆಗೆ ಎಳೆಯುತ್ತದಂತೆ. ನಾನೂರು ಜನರ ಪ್ರೀತಿಯನ್ನು ಬೇಯಿಸಿ, ಮಸೆದು, ಒಗ್ಗರಣೆ ಹಾಕಿ, ನನ್ನ ಕೈಯಾರೆ ಅವಳಿಗೆ ಉಣಿಸಿದ್ದೆ. ಇದನ್ನು ಕೇಳಿದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಒಂದು ಎಲೆಯೂ ಮನೆಯೊಳಗೆ ಬರಬಾರದು ಅಂತ ಬಾಗಿಲಲ್ಲಿ ನಿಂತುಬಿಟ್ಟೆ. ಕೊತ್ತಂಬರಿ ಕೂಡ ಇಲ್ಲ. ಡಾಕ್ಟರಮ್ಮನಿಗೆ ಒಂದು ಮಾತು ಹೇಳಲೂ ಇಲ್ಲ, ಹೇಳುವುದೇನಿದೆ, ಒಳ್ಳೆಯದೇ ಅಲ್ಲವೇ ಅಂತ. ಅವರು ಸೊಪ್ಪು ತಿನ್ನುವವಳ ರಕ್ತಕ್ಕೆ ಸರಿಯಾಗಿ ಗುಳಿಗೆ ಹೆಚ್ಚಿಸಿದ್ದರು. ಮೂರನೇ ವಾರಕ್ಕೆ ಸಂಪಂಗಿ ಹಲ್ಲುಜ್ಜಿ ಉಗುಳಿದರೆ ಕೆಂಪು. ತೊಡೆಯ ಮೇಲೆ ಅಂಗೈಯಗಲ ಕರಿ. ಎಲ್ಲಿ ತಾಗಿಸಿಕೊಂಡೆ ಅಂದರೆ ಎಲ್ಲೂ ಇಲ್ಲ ಅಂತಾಳೆ. ಪೆಟ್ಟಿಗೆ ಐದು ಪಾಯಿಂಟ್ ಎಂಟು ತೋರಿಸಿತು. ಈ ಸಲ ನಾವೇ ತಂತಿಗೆ ಓಡಿದೆವು. ಡಾಕ್ಟರಮ್ಮ ಬಂದು ಎರಡು ದಿನ ಗುಳಿಗೆ ನಿಲ್ಲಿಸಿ, ಮತ್ತೆ ನೋಡಿ, ಅಳತೆ ಇಳಿಸಿ ಶುರು ಮಾಡಿದರು. ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಪ್ರೀತಿಗೂ ಒಂದು ಅಳತೆ ಬೇಕಲ್ಲಮ್ಮಾ ಅಂದರು. ಅವತ್ತು ನಾನು ಅತ್ತೆ. ಯಾರ ಮುಂದೆಯೂ ಅಳದವಳು, ನನಗಿಂತ ಎಷ್ಟೋ ಚಿಕ್ಕವಳಾದ ಆ ಡಾಕ್ಟರು ಹುಡುಗಿಯ ಮುಂದೆ ಅತ್ತೆ.

ಸೊಪ್ಪು ಬಿಡಬೇಕಾಗಿಲ್ಲ, ದಿನಾ ಒಂದೇ ಅಳತೆ ತಿನ್ನಬೇಕು. ಇದೇ ಅದರ ಗುಟ್ಟು. ಈಗ ದಿನಕ್ಕೆ ಒಂದು ಸಣ್ಣ ಸೌಟು. ಸೊಪ್ಪಿನ ಕಾಲದಲ್ಲಿ ಹಸಿಯದ್ದು, ಇಲ್ಲದಾಗ ಒಣಗಿಸಿಟ್ಟದ್ದು. ಮೊದಲಕಂತೆಯನ್ನು ಈಗಲೂ ಇಸಿದುಕೊಳ್ಳುತ್ತೇವೆ, ಒಣಗಿಸಿ ಇಡುತ್ತೇವೆ. ಯಾರಾದರೂ ಕಷಾಯ ಕೊಟ್ಟರೆ, ಮೈನೋವಿಗೆ ಮಾತ್ರೆ ಕೊಟ್ಟರೆ, ಜ್ವರಕ್ಕೆ ಔಷಧಿ ಕೊಟ್ಟರೆ, ಡಾಕ್ಟರಮ್ಮನನ್ನು ಕೇಳದೆ ಬಾಯಿಗಿಡುವಂತಿಲ್ಲ. ಅವೂ ಅಂಕಿಯನ್ನು ಅಲ್ಲಾಡಿಸುತ್ತವಂತೆ, ಅಂಕಿ ಅಲ್ಲಾಡದೆಯೂ ರಕ್ತ ಬರಿಸಬಹುದಂತೆ. ಒಂದು ದಿನ ಗುಳಿಗೆ ಮರೆತರೆ ಮಾರನೇ ದಿನ ಎರಡು ನುಂಗುವ ಹಾಗಿಲ್ಲ. ಇವತ್ತು ಅಳತೆ ಬದಲಿಸಿದರೆ ನಾಳೆಯೇ ಅಂಕಿ ಬದಲಾಗುವುದಿಲ್ಲ, ಎರಡು ಮೂರು ದಿನ ಬೇಕು. ಆ ಎರಡು ಮೂರು ದಿನ ಸುಮ್ಮನಿರುವುದೇ ನನಗೆ ಬಲು ಕಷ್ಟ.

ನಮ್ಮ ವಂಶದಲ್ಲಿ ಮುಂಚೆ ಯಾರಿಗಾದರೂ ಈ ಕಾಯಿಲೆ ಇತ್ತೇ ಅಂತ ಡಾಕ್ಟರಮ್ಮ ಕೇಳಿದಾಗ ನಿನ್ನ ಪುಸ್ತಕ ತಗಡಿನ ಪೆಟ್ಟಿಗೆಯಿಂದ ಹೊರಗೆ ಬಂತು. ಅದರಲ್ಲೂ ನಾನು ಪೇಚಾಡಿದ್ದೇ. ಮುಂದಿನಿಂದ ರಕ್ತದ ಅಂಕಿ, ಹಿಂದಿನಿಂದ ರವಿಕೆಯ ಅಳತೆ, ನಡುವೆ ಎರಡೂ ಕಲಸಿಹೋಗಿವೆ. ನೀನು ಹೊಲಿಗೆ ಮಾಡುತ್ತಿದ್ದೆ ಅಂತ ಗೊತ್ತಾಗುವ ಮುಂಚೆ, ಎದೆ ಮೂವತ್ತಾರು, ತೋಳು ಹನ್ನೊಂದೂವರೆ ಅಂತ ಓದಿ, ಇಷ್ಟು ಅಂಕಿ ಇಟ್ಟುಕೊಂಡು ಈ ಹೆಂಗಸು ಹೇಗೆ ಬದುಕಿದ್ದಳು ಅಂತ ಗಾಬರಿಯಾಗಿದ್ದೆ. ಸಂಪಂಗಿ ನಕ್ಕು ನಕ್ಕು ಸುಸ್ತಾದಳು. ಆಮೇಲೆ ಇಬ್ಬರೂ ಕೂತು ಒಂದೊಂದೇ ಸಾಲು ಬಿಡಿಸಿ ಓದಿದೆವು. ಮೂರು ಪಾಯಿಂಟ್ ಒಂದು, ಪಕ್ಕದಲ್ಲಿ ಜಾಸ್ತಿ ಆಯ್ತು, ಭಯ. ಎರಡು ಪಾಯಿಂಟ್ ಎಂಟು, ಪರವಾಗಿಲ್ಲ. ಎರಡು, ಒಳ್ಳೇದು. ನಿಮ್ಮಮ್ಮನ ಶುಗರ್, ನಿಮ್ಮ ಯಜಮಾನರ ಬಿಪಿ ಕೂಡ ಅದೇ ಪುಸ್ತಕದಲ್ಲಿವೆ. ಅವೆಲ್ಲ ಇಳಿದಾಗ ಖುಷಿ ಪಟ್ಟಿದ್ದೀಯ. ನಿನ್ನ ಮನೆಯಲ್ಲೂ ಒಂದು ಇಳಿಪಟ್ಟಿ ಇತ್ತು, ಹಲಗೆ ಮಾತ್ರ ಇರಲಿಲ್ಲ. ಚೆನ್ನಾಗಿದ್ದ ಅಂಕಿಗೆ ಹೆದರಿ, ಕೆಟ್ಟ ಅಂಕಿಗೆ ದೇವರಿಗೆ ಕೈಮುಗಿದೆಯಲ್ಲ ಅಂತ ನಿನ್ನ ಮೇಲೆ ಕೋಪ ಬಂತು. ಆ ಕೋಪ ನನ್ನ ಮೇಲಿನದೇ.

ಒಂದು ಪಾಯಿಂಟ್ ಮೂರಕ್ಕೆ ಯಾಕೆ ಇಳಿಯಿತು ಅಂತ ಎಷ್ಟು ತಲೆ ಕೆಡಿಸಿಕೊಂಡರೂ ಗೊತ್ತಾಗಲಿಲ್ಲ. ಆಗಸ್ಟ್ ತಿಂಗಳು, ನಿಮ್ಮ ಕಡೆ ಸೊಪ್ಪಿನ ಕಾಲ. ದಿನಾ ಮಸ್ಸೊಪ್ಪು ಉಂಡೆಯೋ? ಅಂಕಿ ಜಾಸ್ತಿಯಾಯಿತು ಅನ್ನುವ ಭಯಕ್ಕೆ ಗುಳಿಗೆಯನ್ನು ನೀನೇ ಅರ್ಧ ಮಾಡಿಕೊಂಡೆಯೋ? ಗುಳಿಗೆ ಮುಗಿದು, ನಾಳೆ ತಂದರಾಯಿತು ಅಂತ ಬಿಟ್ಟೆಯೋ? ತಾರೀಖು ಬರೆದಿದ್ದೀಯ, ಅಂಕಿ ಬರೆದಿದ್ದೀಯ. ಏನು ಉಂಡೆ, ಏನು ನುಂಗಿದೆ, ಏನು ಬಿಟ್ಟೆ ಅಂತ ಒಂದಕ್ಷರವೂ ಇಲ್ಲ. ಲ್ಯಾಬಿನವರ ಚೀಟಿಯನ್ನು ಡಾಕ್ಟರಿಗೆ ತೋರಿಸಿದೆಯಾ, ಮನೆಗೇ ಬಂದೆಯಾ, ಅದೂ ಇಲ್ಲ. ಖಾಲಿ ಹಾಳೆ ಇದೆ ಅಂದಮಾತ್ರಕ್ಕೆ ಕೆಟ್ಟದ್ದೇ ಆಗಿದೆ ಅಂತ ಯಾಕೆ ತಿಳಿಯಬೇಕು, ಹೊಸ ಪುಸ್ತಕ ತಗೊಂಡಿರಬಹುದಲ್ಲ ಅಂತ ಸಂಪಂಗಿ ಅನ್ನುತ್ತಾಳೆ. ನನಗೂ ಹಾಗೇ ನಂಬಬೇಕು ಅಂತ ಆಸೆ. ಆದರೆ ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದ ಮಾತೊಂದಿದೆ: ಹರಿಣಿಯನ್ನು ಸಾಕಿದ್ದು ಅವಳ ದೊಡ್ಡಮ್ಮ. ಯಾಕೆ ದೊಡ್ಡಮ್ಮ ಸಾಕಿದಳು, ತಾಯಿ ಎಲ್ಲಿ ಹೋದಳು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪುಸ್ತಕದ ರಟ್ಟಿನ ಮೇಲೆ ಹರಿಣಿ ಬಣ್ಣದ ಪೆನ್ಸಿಲ್ಲಿನಲ್ಲಿ ತನ್ನ ಹೆಸರು, ನಾಲ್ಕನೇ ಕ್ಲಾಸು ಅಂತ ಬರೆದಿದ್ದಾಳೆ.

ಈ ಕಾಗದ ನಿನಗೆ ಹೇಗೆ ತಲುಪುತ್ತದೆ ಅಂತ ನನಗೆ ಗೊತ್ತಿಲ್ಲ. ತಲುಪುವುದಿಲ್ಲ ಅಂತಲೇ ಎಲ್ಲರೂ ಅನ್ನುತ್ತಾರೆ. ಇಸವಿ ತಿಳಿಯದು, ಬೀದಿ ತಿಳಿಯದು. ನಿನಗಲ್ಲದಿದ್ದರೆ ನಿನ್ನ ಹಾಗೆ ಅದೇ ಗುಳಿಗೆ ನುಂಗುತ್ತ, ಲ್ಯಾಬಿನ ಚೀಟಿ ಕೈಯಲ್ಲಿ ಹಿಡಿದು ನಿಂತ ಇನ್ಯಾರಿಗಾದರೂ ಸಿಗಲಿ. ಆದರೆ ಬರೆಯಲು ಕೂತಾಗ ಇನ್ನೊಂದು ಯೋಚನೆ ಬಂದು ನನ್ನ ಕೈ ನಿಂತುಹೋಯಿತು. ಅಕಸ್ಮಾತ್ ಇದು ನಿನಗೆ ಸಿಕ್ಕಿ, ನೀನು ಅವತ್ತೇ ಡಾಕ್ಟರ ಹತ್ತಿರ ಹೋಗಿ ಬದುಕಿಕೊಂಡೆ ಅನ್ನು. ಹರಿಣಿ ನಿನ್ನ ಕೈಯಲ್ಲೇ ಬೆಳೆಯುತ್ತಾಳೆ. ದೊಡ್ಡಮ್ಮನ ಊರಿಗೆ ಹೋಗುವುದಿಲ್ಲ. ಅಲ್ಲಿ ತಾನು ಮದುವೆಯಾದ ಗಂಡನನ್ನು ನೋಡುವುದೇ ಇಲ್ಲ. ಆ ಮದುವೆ ಇಲ್ಲದಿದ್ದರೆ ಮುಂದಿನ ನಾವು ಯಾರೂ ಇಲ್ಲ. ನಾನಿಲ್ಲದಿದ್ದರೆ ಹೋಗಲಿ, ಅರವತ್ತೊಂದು ವರ್ಷ ಉಂಡಿದ್ದೇನೆ, ಬಡಿಸಿದ್ದೇನೆ. ಆದರೆ ಸಂಪಂಗಿ? ಸಾವಿನ ಬಾಯಿಂದ ಎಳೆದುಕೊಂಡು ಬಂದವಳನ್ನು ನಾನೇ ಒಂದು ಕಾಗದ ಬರೆದು ಇಲ್ಲದಂತೆ ಮಾಡಲೇ? ಇದು ಆಗುವ ಮಾತೋ ಹೋಗುವ ಮಾತೋ ನನಗೆ ತಿಳಿಯದು. ತಿಳಿಯದೆಯೇ ಮೂರು ದಿನ ಅನ್ನ ಸೇರಲಿಲ್ಲ.

ಕೊನೆಗೆ ಅವಳನ್ನೇ ಕೇಳಿದೆ. ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು, ಸಲಾಕೆ ಪಕ್ಕದಲ್ಲಿ ಒರಗಿಸಿತ್ತು. ಬೆಳಿಗ್ಗೆ ಪೆಟ್ಟಿಗೆ ಎರಡು ಪಾಯಿಂಟ್ ಏಳು ತೋರಿಸಿತ್ತು, ಸತತ ನಾಲ್ಕನೇ ಸಲ. ನಾನು ಎಲ್ಲ ಬಿಡಿಸಿ ಹೇಳಿದೆ. ಅವಳು ಬಲಗೈ ಬೆರಳನ್ನು ಒಂದೊಂದಾಗಿ ಮಡಿಚಿ ಬಿಡಿಸಿ ನೋಡಿಕೊಂಡಳು. ಆಮೇಲೆ, ಬರಿ ಅಕ್ಕಾ, ಆ ಮಗು ಇನ್ನೂ ನಾಲ್ಕನೇ ಕ್ಲಾಸು ಅಂದಳು.

ಅದಕ್ಕೇ ಬರೆದೆ, ಅಜ್ಜಿ. ಸೆಪ್ಟೆಂಬರ್ ಹದಿನಾಲ್ಕಕ್ಕೆ ಕಾಯಬೇಡ. ಹೊಲಿಯುತ್ತಿರುವ ರವಿಕೆ ಹಾಗೇ ಇರಲಿ. ಚೀಟಿ ತಗೊಂಡು ಇವತ್ತೇ ಹೋಗಿ, ಒಂದು ಪಾಯಿಂಟ್ ಮೂರು ಆಗಿದೆ, ನನಗೆ ಲೋಹದ ವಾಲ್ವ್ ಇದೆ ಅಂತ ಡಾಕ್ಟರಿಗೆ ಹೇಳು. ಹರಿಣಿ ಸ್ಕೂಲಿನಿಂದ ಬರುವ ಹೊತ್ತಿಗೆ ನೀನು ಮನೆಯಲ್ಲಿಲ್ಲದಿದ್ದರೂ ಪರವಾಗಿಲ್ಲ, ಪಕ್ಕದ ಮನೆಯವರಿಗೆ ಹೇಳಿ ಹೋಗು. ನಮ್ಮ ಯೋಚನೆ ಮಾಡಬೇಡ.

ಇಂತಿ,
ಅಲುವೇಲಮ್ಮ, ಜೊತೆಗೆ ಸಂಪಂಗಿ